ಹೊಸ್ತಿಲ ಹೊರಗಿನ ಹೆಬ್ಬೆಟ್ಟು

ಎರಡು ವರ್ಷ ನನ್ನ ಅವ್ವ ಅಡುಗೆಯವಳಾಗಿರಲಿಲ್ಲ. ಶಾಲೆಯ ಮಕ್ಕಳಿಗೆ ವಾಂತಿಯಾದ ದಿನ, ಮಧ್ಯಾಹ್ನ ಮೂರರ ಹೊತ್ತಿಗೆ, ಆದಳು. ಊರಿಗೆ ಊರೇ ಒಂದು ಬಾಯಲ್ಲಿ ಹೇಳಿತು, ಅಡುಗೆ ಮಾಡಿದವಳು ಸೀತವ್ವ ಎಂದು.

ನಾನು ಲಖನ, ಸೀತವ್ವನ ಮಗ. ನಮ್ಮೂರು ಮೂಡಲಗಿಯಿಂದ ಕುಲಗೋಡದ ಕಡೆ ಹೋಗುವ ದಾರಿಯಲ್ಲಿದೆ. ಹೆಸರು ಹೇಳುವುದಿಲ್ಲ. ಹೇಳಿದರೆ ಆ ಒಂದೂರಿನವರು ಮಾತ್ರ ಕೆಟ್ಟವರೆಂದು ಬೇರೆ ಊರಿನವರು ನೆಮ್ಮದಿಯಿಂದ ಮಲಗುತ್ತಾರೆ.

2003ರ ಜೂನ್‌ನಲ್ಲಿ ನಮ್ಮೂರ ಶಾಲೆಯಲ್ಲಿ ಬಿಸಿಯೂಟ ಶುರುವಾಯಿತು. ಸರ್ಕಾರದ ಕಾಗದದಲ್ಲಿ ಅವ್ವ ಮುಖ್ಯ ಅಡುಗೆಯವಳು. ಅವಳ ಕೆಳಗೆ ಸಹಾಯಕಿ, ಮೇಲಿನ ಓಣಿಯ ಇಂದ್ರವ್ವ. ಮೊದಲ ದಿನ ಅವ್ವ ಹಸಿರು ಸೀರೆ ಉಟ್ಟು, ತಲೆ ಬಾಚಿಕೊಂಡು ಹೋದಳು. ನೂರ ನಲವತ್ತು ಮಕ್ಕಳಿಗೆ ಅನ್ನ ಸಾರು ಮಾಡಿದಳು. ಉಂಡವರು ಹತ್ತೊಂಬತ್ತು, ಎಲ್ಲರೂ ನಮ್ಮ ಕೇರಿಯವರೇ. ಉಳಿದದ್ದನ್ನು ಮೇಲಿನ ಓಣಿಯ ಎಮ್ಮೆಗಳಿಗೆ ಹಾಕಿದರು. ಎಮ್ಮೆಗಳಿಗೆ ಮೈಲಿಗೆಯಾಗಲಿಲ್ಲ.

ಮೂರನೆಯ ದಿನ ಶಾಲಾ ಸಮಿತಿಯ ಅಧ್ಯಕ್ಷ ರಾಚಪ್ಪ ಬಂದ. ರಾಚಪ್ಪ ದನಿ ಎತ್ತುವವನಲ್ಲ. ನಾನು ಹುಡುಗನಾಗಿದ್ದಾಗಿನಿಂದ ಅವನ ಮೇಲೆ ನನಗಿರುವ ಅನುಮಾನಕ್ಕೆ ಕಾರಣ ಅದೇ. ಬೈಯುವವನು ಎಲ್ಲಿ ನಿಂತಿದ್ದಾನೆ ಎಂಬುದಾದರೂ ತಿಳಿಯುತ್ತದೆ.

"ಸೀತವ್ವ, ನಿನ್ನ ಕೆಲಸ ತಗಿಯೂದಿಲ್ಲ. ಪಗಾರ ನಿನ್ನ ಹೆಸರಿಗೇ ಬರ್ತೈತಿ. ಕಟಗಿ ಒಡಿ, ಭಾಂಡೆ ತಿಕ್ಕು, ಅಂಗಳ ಬಳಿ. ಒಳಗಿಂದಷ್ಟ ಇಂದ್ರವ್ವ ನೋಡ್ಕೋತಾಳ. ಹುಡುಗೂರು ಉಪಾಸ ಇರೂದು ನಿನಗೂ ಚಲೋ ಅನಸೂದಿಲ್ಲ, ಹೌದಲ್ಲ?"

ಹೌದಲ್ಲ ಎಂದು ಕೇಳುವವರಿಗೆ ಇಲ್ಲ ಎಂದು ಹೇಳುವುದನ್ನು ಅವ್ವನಿಗೆ ಯಾರೂ ಕಲಿಸಿರಲಿಲ್ಲ. ಅವ್ವ ಹೊಸ್ತಿಲಿನಿಂದ ಹೊರಗೆ ಬಂದಳು.

ಅಂದಿನಿಂದ ಜಾಲಿ ಕಟ್ಟಿಗೆ. ಜಾಲಿ ಕೊಡಲಿಗೆ ಬಗ್ಗುವ ಮರವಲ್ಲ. ಒಂದೊಂದು ತುಂಡಿಗೂ ನಾಲ್ಕೈದು ಏಟು. ಮುಳ್ಳು ಅಂಗೈಯಲ್ಲಿ ಮುರಿದು ಕೀವಾಗುತ್ತಿತ್ತು. ಒಡೆದ ಕಟ್ಟಿಗೆಯನ್ನು ಅಡುಗೆ ಕೋಣೆಯ ಬಾಗಿಲ ತನಕ ಹೊತ್ತು ಹಾಕುವುದು, ಹಿಂದೆ ಸರಿಯುವುದು. ಮಕ್ಕಳು ಉಂಡ ಮೇಲೆ ಮಸಿ ಹಿಡಿದ ದೊಡ್ಡ ದೊಡ್ಡ ಭಾಂಡೆಗಳನ್ನು ನಲ್ಲಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತು ಬೂದಿ ಹಾಕಿ ತಿಕ್ಕುವುದು. ಅವಳು ತಿಕ್ಕಿ ಬೋರಲು ಹಾಕಿದ ಭಾಂಡೆಗಳ ಮೇಲೆ ಇಂದ್ರವ್ವ ನೀರು ಚಿಮುಕಿಸಿ ಒಳಗೆ ಒಯ್ಯುತ್ತಿದ್ದಳು.

ಇದಿಷ್ಟೇ ಆಗಿದ್ದರೆ ನನ್ನ ಸಿಟ್ಟು ಹಳೆಯ ಸಿಟ್ಟಾಗಿರುತ್ತಿತ್ತು. ಆದರೆ ಒಂದು ಪುಸ್ತಕವಿತ್ತು. ಮಕ್ಕಳಿಗೆ ಬಡಿಸುವ ಮೊದಲು ಮುಖ್ಯ ಅಡುಗೆಯವಳು ರುಚಿ ನೋಡಿ ಆ ಪುಸ್ತಕದಲ್ಲಿ ಸಹಿ ಮಾಡಬೇಕು ಎಂದು ಮೇಲಿನಿಂದ ನಿಯಮ ಬಂದಿತ್ತು. ಅದಕ್ಕೆ ದಿನಾ ಹನ್ನೆರಡೂವರೆಗೆ ಹೆಡ್‌ಮಾಸ್ತರು ಪುಸ್ತಕ ಹಿಡಿದು ಬರುತ್ತಿದ್ದರು. ಅವ್ವ ಹೊಸ್ತಿಲ ಹೊರಗೆ ಎರಡೂ ಕೈ ಬೊಗಸೆ ಮಾಡಿ ನಿಲ್ಲುತ್ತಿದ್ದಳು. ಇಂದ್ರವ್ವ ಒಳಗಿನಿಂದ ಒಂದು ತುತ್ತು ಅನ್ನವನ್ನು ಮೇಲಿನಿಂದ ಹಾಕುತ್ತಿದ್ದಳು, ಕೈಗೆ ಕೈ ತಾಗದ ಹಾಗೆ. ಅವ್ವ ಅದನ್ನು ನಿಂತಲ್ಲೇ ತಿಂದು, ಸೀರೆಗೆ ಕೈ ಒರೆಸಿಕೊಂಡು ಹೆಬ್ಬೆಟ್ಟು ಒತ್ತುತ್ತಿದ್ದಳು. ನಾನು ಮಾಡಿದೆ, ನಾನು ತಿಂದೆ, ಚೆನ್ನಾಗಿದೆ. ಮೂರರಲ್ಲಿ ಒಂದು ಮಾತ್ರ ಖರೆ.

ಇದೆಲ್ಲ ಆಗುವಾಗ ನಾನು ಪುಣೆಯಲ್ಲಿದ್ದೆ. ಸೆಂಟ್ರಿಂಗ್ ಕೆಲಸ. ಪ್ಲೈವುಡ್ ಶೀಟು ಹೊರುವುದು, ಕಬ್ಬಿಣ ಕಟ್ಟುವುದು, ಸ್ಲ್ಯಾಬ್ ಗಟ್ಟಿಯಾದ ಮೇಲೆ ಶೀಟು ಬಿಚ್ಚುವುದು. ನಮ್ಮ ಶೆಡ್ಡಿನಲ್ಲಿದ್ದ ಒಬ್ಬನ ಹತ್ತಿರ ಅಮೆರಿಕದ ಕರಿಯರ ಕ್ಯಾಸೆಟ್‌ಗಳಿದ್ದವು. ಹಾಡು ಎನ್ನುವಂತಿಲ್ಲ, ಜಗಳಕ್ಕೆ ನಿಂತವರ ಮಾತು, ತಾಳದ ಮೇಲೆ. ಅದಕ್ಕೆ ರ‍್ಯಾಪ್ ಎನ್ನುತ್ತಾರೆ, ಆ ಇಡೀ ಬಗೆಗೆ ಹಿಪ್-ಹಾಪ್ ಎನ್ನುತ್ತಾರೆ ಎಂದು ಅವನೇ ಹೇಳಿದ. ನನಗೆ ಅವರ ಭಾಷೆ ತಿಳಿಯುತ್ತಿರಲಿಲ್ಲ. ಸಿಟ್ಟು ತಿಳಿಯುತ್ತಿತ್ತು. ನನ್ನ ಅಪ್ಪ ಕೇದಾರಿ ಊರಿನ ಹಲಗೆ ಬಾರಿಸುವವನು. ಅಪ್ಪನ ಹಲಗೆಯ ಪೆಟ್ಟಿಗೂ ಆ ಮಾತಿಗೂ ಸರಿಯಾಗಿ ಕೂಡುತ್ತಿತ್ತು. ಶೀಟು ಹೊರುತ್ತ ಬಾಯಲ್ಲೇ ಕಟ್ಟಿದೆ.

2004ರ ಏಪ್ರಿಲ್‌ನಲ್ಲಿ ಬಾಬಾಸಾಹೇಬರ ಜಯಂತಿಗೆ ಊರಿಗೆ ಬಂದೆ. ಅವ್ವನ ಅಂಗೈ ನೋಡಿದೆ. ಕೇಳಿದರೆ ಹೇಳಲಿಲ್ಲ. ಕೇರಿಯವರು ಹೇಳಿದರು. ಮರುದಿನ ವೇದಿಕೆ ಹತ್ತಿ, ಅಪ್ಪ ಹಲಗೆ ಬಾರಿಸುತ್ತಿರುವಾಗ ಹಾಡಿದೆ.

ಕಟಗಿ ನಂದು, ಬೂದಿ ನಂದು, ಮೈಯ ಬೆವರು ನಂದು,
ಅನ್ನ ಬೆಂದರ ಹೊರಗ ನಿಲ್ಲು ಅನ್ನೂ ಬಾಯಿ ನಿಂದು.

ಕೇರಿ ಎದ್ದು ನಿಂತಿತು. ನಾನು ಪುಣೆಗೆ ಹಿಂದಿರುಗಲಿಲ್ಲ. ಗೋಕಾಕದಲ್ಲಿ ಒಂದು ಕ್ಯಾಸೆಟ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಹಾಡನ್ನು ರೆಕಾರ್ಡ್ ಮಾಡಿದೆವು. ಅಂಕಲಗಿ, ಹುಕ್ಕೇರಿ, ಧುಪದಾಳ, ಕರೆದಲ್ಲೆಲ್ಲ ಹೋಗಿ ಹಾಡಿದೆ. ಹೆಸರಾಯಿತು. ಹೆಸರಾದಾಗಲೇ ನಾನು ಅನುಮಾನಪಡಬೇಕಿತ್ತು.

ಆ ವರ್ಷದ ಕಬ್ಬಿನ ಹಂಗಾಮು ಶುರುವಾಯಿತು. ಕಬ್ಬು ತುಂಬಿದ ಟ್ರ್ಯಾಕ್ಟರ್‌ಗಳು ಟೇಪು ಹಚ್ಚಿಕೊಂಡು ಹೋಗುತ್ತವೆ, ಎದೆ ನಡುಗುವಷ್ಟು ಜೋರಾಗಿ. ಒಂದು ದಿನ ರಸ್ತೆಯ ಬಾಜೂ ನಿಂತಿದ್ದೆ. ನನ್ನ ದನಿ ಬಂತು. ರಾಚಪ್ಪನ ಟ್ರ್ಯಾಕ್ಟರ್. ಇಂಜಿನ್ನಿನ ಬಾನೆಟ್ಟಿನ ಮೇಲೆ ಕೂತ ಮೇಲಿನ ಓಣಿಯ ಹುಡುಗರು ಸೊಂಟ ಕುಣಿಸುತ್ತ, ಹೊರಗ ನಿಲ್ಲು, ಹೊರಗ ನಿಲ್ಲು ಎಂದು ನನ್ನ ಜೊತೆ ಹಾಡುತ್ತಿದ್ದರು. ನನ್ನನ್ನು ನೋಡಿ ಒಬ್ಬ ಖುಷಿಯಿಂದ ಕೈ ಬೀಸಿದ. ಅವನಿಗೆ ನಾಚಿಕೆ ಇರಲಿಲ್ಲ. ಕೆಟ್ಟತನವೂ ಇರಲಿಲ್ಲ. ಆ ಕೈ ಬೀಸುವಿಕೆಯನ್ನು ನಾನು ಇವತ್ತಿಗೂ ಮರೆತಿಲ್ಲ.

ವಾರದ ನಂತರ ರಾಚಪ್ಪ ನನ್ನನ್ನು ನಿಲ್ಲಿಸಿ ಮಾತಾಡಿಸಿದ.

"ಮೊಮ್ಮಗನ ಬರ್ತಡೇ ಐತಿ. ನೀ ಬಂದು ಆ ಕಟಗಿ ಹಾಡ ಹಾಡಬೇಕು. ಹುಡುಗೂರು ಭಾಳ ಕುಣೀತಾವು."

"ಅದು ಯಾರ ಬಗ್ಗೆ ಐತಿ ಗೊತ್ತೈತೇನ್ರಿ?"

"ಗೊತ್ತೈತಲ್ಲ. ತಾಳ ಚಲೋ ಐತಿ."

ಅಂದು ಹಾಡು ಬಿಟ್ಟೆ. ಮೂರು ಊರಿನವರು ಬಂದು ಕರೆದರು, ಹೋಗಲಿಲ್ಲ. ಗಂಟಲು ಕೆಟ್ಟಿದೆ ಎಂದೆ. ಅಪ್ಪ ಎರಡು ದಿನ ಮಾತು ಬಿಟ್ಟ. ಬಿಡಲಿ. ಯಾರ ಮೈಯೂ ಕುಣಿಯಲಾರದ ಒಂದು ಮಾತು ನನಗೆ ಬೇಕಿತ್ತು.

ಚಿತ್ರ ತೆಗೆಯುವ ಚಟ ಪುಣೆಯಲ್ಲೇ ಇತ್ತು. ಊಟದ ಬಿಡುವಿನಲ್ಲಿ ಪ್ಲೈವುಡ್ ಶೀಟಿನ ಮೇಲೆ ಇದ್ದಿಲಿನಿಂದ, ನಮ್ಮನ್ನು ದುಡಿಸುವ ಮುಕಾದಮನ ಮೂತಿ ಬರೆಯುತ್ತಿದ್ದೆ. ಒಮ್ಮೆ ಆ ಶೀಟನ್ನೇ ಮೇಲೆ ಹಾಕಿ ಕಾಂಕ್ರೀಟು ಸುರಿದಿದ್ದರು. ಬಿಚ್ಚಿದಾಗ ಯಾರದೋ ಬೆಡ್‌ರೂಮಿನ ಛತ್ತಿಗೆ ಮುಕಾದಮನ ಮೂತಿ ಮಸುಕಾಗಿ ಅಂಟಿಕೊಂಡಿತ್ತು. ಅವನು ಬೈದ. ಆದರೆ ಎಷ್ಟು ಹೊತ್ತು ಕತ್ತೆತ್ತಿ ನೋಡುತ್ತಲೇ ನಿಂತಿದ್ದ ಎನ್ನುವುದು ನನಗೆ ನೆನಪಿದೆ.

ಬಸ್‌ಸ್ಟ್ಯಾಂಡಿನ ಬಾಜೂ ನಮ್ಮ ಯುವಕ ಸಂಘದ ಕರಿಹಲಗೆ ಇದೆ. ಈ ಕಡೆಯ ಊರುಗಳಲ್ಲೆಲ್ಲ ಅಂಥ ಹಲಗೆಗಳಿವೆ. ಸತ್ತವರಿಗೆ ಶ್ರದ್ಧಾಂಜಲಿ, ಪಾಸಾದವರಿಗೆ ಅಭಿನಂದನೆ, ದಿನಕ್ಕೊಂದು ಸುವಿಚಾರ ಬರೆಯುತ್ತಾರೆ. ನಾನು ಸುವಿಚಾರದ ಜಾಗದಲ್ಲಿ ಸೀಮೆಸುಣ್ಣದ ಖಡುವಿನಿಂದ ಒಂದು ಚಿತ್ರ ತೆಗೆದೆ. ಭಾಂಡೆಯ ಮೇಲೆ ನೀರು ಚಿಮುಕಿಸುವ ಒಂದು ಕೈ, ಕೆಳಗೆ ಭಾಂಡೆಯೊಳಗೆ ಕುಕ್ಕರಿಸಿ ಕೂತ ಹೆಂಗಸು. ಹೆಸರು ಹಾಕಲಿಲ್ಲ. ಬೆಳಿಗ್ಗೆ ಏಳರ ಗೋಕಾಕ ಬಸ್ಸಿಗೆ ನಿಂತವರು ನೋಡಿದರು. ಯಾರೂ ಕುಣಿಯಲಿಲ್ಲ. ಒಬ್ಬರನ್ನೊಬ್ಬರು ನೋಡಿದರು.

ಹತ್ತು ಗಂಟೆಗೆ ಹೋಗಿ ನೋಡಿದರೆ ಹಲಗೆ ಬೋಳು.

ಮರುದಿನ ಮತ್ತೆ ತೆಗೆದೆ. ಮತ್ತೆ ಒರೆಸಿದ್ದರು. ಹೀಗೆ ಎಂಟು ದಿನ. ನನಗೆ ಎಲ್ಲರ ಮೇಲೂ ಅನುಮಾನ. ರಾಚಪ್ಪನ ಆಳುಗಳ ಮೇಲೆ, ಚಹಾದಂಗಡಿಯವನ ಮೇಲೆ, ನಮ್ಮ ಸಂಘದ ಅಣ್ಣಪ್ಪನ ಮೇಲೆ. ಅಣ್ಣಪ್ಪ ಪಂಚಾಯಿತಿಯಲ್ಲಿ ಮನೆ ಕೇಳಿದ್ದ, ಮನೆ ಸಿಗಬೇಕಾದರೆ ಮೇಲಿನ ಓಣಿಯ ಕೃಪೆ ಬೇಕು. ಅವನ ಕೊರಳಪಟ್ಟಿ ಹಿಡಿದು ಕೇಳಿಯೂ ಬಿಟ್ಟೆ. ಪಾಪ, ಅವನಿಗೆ ಏನೂ ತಿಳಿದಿರಲಿಲ್ಲ. ಒಂಬತ್ತನೆಯ ದಿನ ಚಹಾದಂಗಡಿಯ ಹಿಂದೆ ಕಾದು ನಿಂತೆ. ಬಸ್ಸು ಹೋಯಿತು. ಶಾಲೆಗೆ ಹೊರಟ ಅವ್ವ ಹಲಗೆಯ ಮುಂದೆ ನಿಂತಳು. ಅತ್ತ ಇತ್ತ ನೋಡಿದಳು. ಸೆರಗು ಉಗುಳಿನಿಂದ ತೋಯಿಸಿ, ತನ್ನನ್ನೇ ತಾನು ಒರೆಸಿಹಾಕಿದಳು.

"ಯಾಕಬೇ?" ಎಂದೆ. ಅಂಗಡಿಯ ಹಿಂದಿನಿಂದ ಹೊರಗೆ ಬಂದಿದ್ದೆ.

ಅವಳು ಬೆದರಲಿಲ್ಲ. "ನನಗ ಕಟಗಿ ಒಡಿಯೂದು ಗೊತ್ತೈತಿ, ಹೆಬ್ಬೆಟ್ಟ ಒತ್ತೂದು ಗೊತ್ತೈತಿ. ನಿನ್ನ ಹೆಣಾ ಹೊತ್ಗೊಂಡ ಹೋಗೂದು ಗೊತ್ತಿಲ್ಲ. ಇದನ್ನ ತಗದಾವ ಯಾರಂತ ಅವ್ರಿಗೆ ತಿಳಿಯೂದಿಲ್ಲಂತ ಮಾಡೀಯೇನ?"

"ಹಂಗಾರ ದಿನಾ ಸುಳ್ಳಿಗೆ ಹೆಬ್ಬೆಟ್ಟ ಒತ್ತು."

"ಒತ್ತತೇನಿ. ನನ್ನ ಹೆಬ್ಬೆಟ್ಟ. ನಿನ್ನ ಖಡು ನಿನ್ನ ಕಿಸೆದಾಗ ಇಟ್ಕೋ."

ನಾನು ಊರಿನ ಕರಿಹಲಗೆ ಬಿಟ್ಟೆ. ಸಿಟ್ಟು ಬಿಡಲಿಲ್ಲ. ಗೋಕಾಕದಲ್ಲಿ ಶ್ರೇಣಿಕ ಎಂಬುವರು ಒಂದು ಪ್ರೆಸ್ಸು ಇಟ್ಟುಕೊಂಡು ನಾಲ್ಕು ಪುಟದ ವಾರಪತ್ರಿಕೆ ತರುತ್ತಿದ್ದರು. ಲಗ್ನಪತ್ರಿಕೆಯ ಅಚ್ಚಿನ ನಡುವೆ ಪತ್ರಿಕೆಯ ಅಚ್ಚು. ಅವರ ಮುಂದೆ ಒಂದು ಚಿತ್ರ ಇಟ್ಟೆ. ಅಡುಗೆ ಕೋಣೆಯ ಬಾಗಿಲು. ಒಳಗೆ ಹೊಗೆಯಾಡುವ ಪಾತ್ರೆ, ಸೌಟು, ಸೆರಗು. ಹೊಸ್ತಿಲ ಹೊರಗೆ ಮನುಷ್ಯರಿಲ್ಲ, ಮನುಷ್ಯರಷ್ಟು ಎತ್ತರದ ಒಂದು ಹೆಬ್ಬೆಟ್ಟು, ಮಸಿ ಮೆತ್ತಿಕೊಂಡು ನಿಂತಿದೆ. ಪಕ್ಕದಲ್ಲಿ ಪುಸ್ತಕ. ಕೆಳಗೆ ಒಂದೇ ಸಾಲು: ಅಡುಗೆ ರುಚಿಯಾಗಿದೆ.

ಶ್ರೇಣಿಕ ಲಗ್ನಪತ್ರಿಕೆಯ ಕಟ್ಟನ್ನು ಬದಿಗಿಟ್ಟು ನೋಡಿದರು. "ಇದು ಖರೇನ ಏನ ತಮ್ಮಾ?"

"ಬಂದ ನೋಡ್ರಿ ಅಣ್ಣಾರ."

ಅವರು ಬರಲಿಲ್ಲ. ಆದರೆ ಹಾಕಿದರು. 2005ರ ಜುಲೈ ಎರಡನೆಯ ವಾರ, ಮೊದಲ ಪುಟ. ಯಾಕೆ ಹಾಕಿದರು ಎಂದು ನನಗೆ ಈಗಲೂ ಖಾತ್ರಿಯಿಲ್ಲ. ಅದೇ ಸಂಚಿಕೆಯ ಎರಡನೆಯ ಪುಟದಲ್ಲಿ ರಾಚಪ್ಪನ ಹುಟ್ಟುಹಬ್ಬದ ಜಾಹೀರಾತು ಇತ್ತು, ಕೈಮುಗಿದ ಫೋಟೊ ಸಮೇತ. ನನ್ನ ಚಿತ್ರದ ಹಿಂದೆಯೇ ಅವನು ನಗುತ್ತಿದ್ದ. ಕಾಗದವನ್ನು ಬೆಳಕಿಗೆ ಹಿಡಿದರೆ ಇಬ್ಬರೂ ಕಾಣುತ್ತಿದ್ದೆವು.

ರಾಚಪ್ಪ ಮನೆಯ ತನಕ ಬಂದ. ಅಂಗಳದಲ್ಲಿ ನಿಂತು, "ಚಲೋ ತಗದೀ" ಎಂದ. ಅಷ್ಟೇ ಹೇಳಿ ಹೋದ. ಅಂದು ಅವ್ವ ರೊಟ್ಟಿ ಬಡಿಯಲಿಲ್ಲ.

ಆಗಸ್ಟ್ ಒಂಬತ್ತರಂದು ಮಕ್ಕಳಿಗೆ ವಾಂತಿ ಶುರುವಾಯಿತು. ಮೂವತ್ತೊಂದು ಮಕ್ಕಳು, ಅದರಲ್ಲಿ ಏಳು ನಮ್ಮ ಕೇರಿಯವು. ಸಿಕ್ಕ ಟೆಂಪೊ, ಜೀಪು, ಟ್ರ್ಯಾಕ್ಟರ್‌ಗಳಲ್ಲಿ ಮೂಡಲಗಿಗೆ ಒಯ್ದರು. ನಾನೂ ಇಬ್ಬರನ್ನು ಹೆಗಲಿಗೆ ಹಾಕಿಕೊಂಡು ಓಡಿದೆ. ಒಂದರ ವಾಂತಿ ನನ್ನ ಬೆನ್ನ ಮೇಲೆ ಹರಿಯುತ್ತಿತ್ತು. ಬೇಳೆಯಲ್ಲಿ ಹಲ್ಲಿ ಬಿದ್ದಿತ್ತು ಎಂದರು. ಸಲೈನ್ ಹಚ್ಚಿದರು. ಮರುದಿನದ ಹೊತ್ತಿಗೆ ಎಲ್ಲ ಮಕ್ಕಳೂ ಮನೆಗೆ ಬಂದವು. ದೇವರನ್ನು ನಂಬದ ನಾನೂ ಅಂದು ಒಂದು ಗಳಿಗೆ ಕೈಮುಗಿದೆ.

ಅವ್ವನಿಗೆ ಏನೂ ಆಗಿರಲಿಲ್ಲ. ಅವಳ ಬೊಗಸೆಗೆ ಬೀಳುತ್ತಿದ್ದುದು ಒಂದು ತುತ್ತು ಬರೀ ಅನ್ನ, ಬೇಳೆಯ ಸಾರನ್ನು ಅವಳು ಕಂಡೇ ಇರಲಿಲ್ಲ. ಅದೂ ಅವಳ ತಪ್ಪಾಯಿತು. ಮಕ್ಕಳೆಲ್ಲ ಬಿದ್ದರೂ ಇವಳು ಹೇಗೆ ನೆಟ್ಟಗಿದ್ದಾಳೆ ಎಂದು ಜನ ಕೇಳತೊಡಗಿದರು.

ಮೂರನೆಯ ದಿನ ರಾಚಪ್ಪ ಮತ್ತೆ ಅಂಗಳಕ್ಕೆ ಬಂದ. ಕೈಯಲ್ಲಿ, ಅವ್ವನ ಹೇಳಿಕೆಯೆಂದು ಬರೆದು ತಂದ ಜಬಾಬು.

"ಗೋಕಾಕದಿಂದ ಬಿಸಿಯೂಟದ ಸಾಹೇಬ್ರು ಚೌಕಶಿಗೆ ಬರ್ತಾರ. ನನ್ನ ಕಡಿಂದ ತಪ್ಪಾಗೇತಿ, ಭಾಂಡೆ ಮುಚ್ಚೂದು ಮರತೆ ಅಂತ ಒತ್ತಿಬಿಡು. ಕೆಲಸ ಹೋಗ್ತೈತಿ, ಅಲ್ಲಿಗೆ ಮುಗೀತು. ಪೊಲೀಸ್ರ ತನಕ ಹೋಗಾಕ ನಾ ಬಿಡೂದಿಲ್ಲ."

"ಒತ್ತಲಿಲ್ಲಂದ್ರ?" ನಾನು ಕೇಳಿದೆ.

ಅವನು ಜೇಬಿನಿಂದ ಮಡಿಚಿದ ಪತ್ರಿಕೆ ತೆಗೆದ. ನನ್ನ ಹೆಬ್ಬೆಟ್ಟಿನ ಚಿತ್ರ. "ಮಂದಿ ಬ್ಯಾರೇನ ಅನ್ನಾಕ ಹತ್ಯಾರ. ತಾಯಿ ಮಗಾ ಇಬ್ಬರೂ ಹಗಿ ಇಟ್ಟಿದ್ರು, ಪೇಪರ್‌ದಾಗ ಹಾಕ್ಸಿದ್ರು, ಕಡೀಕ ವಿಷಾನೂ ಹಾಕಿದ್ರು ಅಂತ. ನಾ ಅನ್ನೂದಿಲ್ಲಪ್ಪಾ. ಮಂದಿ ಅಂತಾರ."

ಹಾಡನ್ನು ಕುಣಿದು ಮುಗಿಸಿದ್ದರು. ಚಿತ್ರವನ್ನು ಅವ್ವನ ಕೊರಳಿಗೆ ಕಟ್ಟಲು ತಂದಿದ್ದರು. ನಾನೇ ಅದನ್ನು ಅವರ ಕೈಗೆ ಕೊಟ್ಟಿದ್ದೆ.

ಅವ್ವನ ಮುಂದೆ ತಲೆ ಎತ್ತಲಾಗಲಿಲ್ಲ. ಅವಳು ಕಟ್ಟಿಗೆಯ ಮುಳ್ಳು ತೆಗೆಯುತ್ತ ಕೂತಿದ್ದಳು. ಒಂಬತ್ತು ದಿನ ಹಲಗೆ ಒರೆಸಿದ ಹೆಂಗಸು ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಐದನೆಯ ದಿನ ಸಾಹೇಬರು ಬಂದರು. ಹೆಡ್‌ಮಾಸ್ತರರ ಕೋಣೆಯಲ್ಲಿ ಟೇಬಲ್ಲು, ಮೇಲೆ ರುಚಿಯ ಪುಸ್ತಕ. ಸಾಹೇಬರು ಹಾಳೆ ತಿರುವಿದರು. ಎರಡು ವರ್ಷದ ಹೆಬ್ಬೆಟ್ಟುಗಳು ಸಾಲಾಗಿ ಎದ್ದು ಬಂದವು, ಎಲ್ಲವೂ ಅವ್ವನವು. ಇಂದ್ರವ್ವನನ್ನು ಕರೆದು ಕೇಳಿದರು. ಅವಳು ನೆಲ ನೋಡುತ್ತ ಹೇಳಿದಳು.

"ಅಡಿಗಿ ಸೀತವ್ವನ ಮಾಡ್ತಿದ್ಲರಿ. ನಂದು ಬರೇ ಮ್ಯಾಲಿನ ಕೆಲಸ."

ಅವಳ ಕೈಯಲ್ಲಿ ಒಲೆಯ ಸುಟ್ಟ ಗಾಯಗಳಿದ್ದವು. ಅವ್ವನ ಕೈಯಲ್ಲಿ ಮುಳ್ಳಿನ ಗಾಯಗಳಿದ್ದವು. ನೋಡುವ ಕಣ್ಣಿದ್ದರೆ ಅಷ್ಟೇ ಸಾಕಿತ್ತು. ನಾನು ಚಿತ್ರವನ್ನು ಟೇಬಲ್ಲಿನ ಮೇಲೆ ಇಟ್ಟು, "ಇದು ತಿಂಗಳ ಹಿಂದಿಂದ್ರಿ, ತಾರೀಖ ನೋಡ್ರಿ, ಅವ್ವ ಒಳಗ ಹೋಗತಿರಲಿಲ್ಲ ಅಂತ ಅವಾಗ ತಗದೇನಿ" ಎಂದೆ.

ಸಾಹೇಬರು ಬೆರಳ ತುದಿಯಿಂದ ಅದನ್ನು ಸರಿಸಿದರು. "ವ್ಯಂಗ್ಯಚಿತ್ರಕ್ಕೆ ಸಾಕ್ಷಿ ಅನ್ನಲ್ಲಪ್ಪ. ಸುಮ್ಮನಿರು." ಅವ್ವನ ಕಡೆಗೆ ಜಬಾಬು ನೂಕಿದರು. ಹೆಡ್‌ಮಾಸ್ತರು ಮಸಿಯ ಡಬ್ಬಿ ತೆರೆದರು.

ಅವ್ವ ಕೈ ಚಾಚಲಿಲ್ಲ. "ಓದ್ರಿ" ಎಂದಳು.

ಹೆಡ್‌ಮಾಸ್ತರು ಓದಿದರು. ಎರಡು ವರ್ಷದಿಂದ ಮುಖ್ಯ ಅಡುಗೆಯವಳಾದ ನಾನೇ ದಿನಾ ಅಡುಗೆ ಮಾಡುತ್ತಿದ್ದು, ಎಂದು ಶುರುವಾಗುತ್ತಿತ್ತು.

"ಅಂದ್ರ ದಿನಾ ಮಾಡಿದಾಕಿ ನಾನ."

"ಹೌದಲ್ಲ," ಎಂದ ರಾಚಪ್ಪ.

"ಎಲ್ಲಾರೂ ಹಂಗ ಅಂತೀರಿ?"

ಯಾರೂ ಅಲ್ಲ ಎನ್ನಲಿಲ್ಲ. ಸಾಹೇಬರು ಬರೆದುಕೊಂಡರು.

ಅವ್ವ ಎದ್ದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಹೊತ್ತ ಹನ್ನೊಂದಾತು. ಹುಡುಗೂರು ಹಸದಿರ್ತಾವು. ಇವತ್ತಿಂದೂ ಮಾಡಿಬಿಡತೇನಿ, ಆಮ್ಯಾಲ ಒತ್ತತೇನಿ."

ಹೊರಗೆ ನಡೆದೇಬಿಟ್ಟಳು. ಏನು ಮಾಡುತ್ತಾಳೆ ಎಂದು ನನಗೂ ತಿಳಿಯಲಿಲ್ಲ. ಎಲ್ಲರೂ ಹಿಂದೆ ಹೋದೆವು, ಸಾಹೇಬರು ಪೆನ್ನು ಹಿಡಿದುಕೊಂಡೇ ಬಂದರು. ತರಗತಿಗಳ ಕಿಟಕಿಗಳಲ್ಲಿ ಮಕ್ಕಳ ತಲೆಗಳು. ಅವ್ವ ಅಂಗಳ ದಾಟಿದಳು, ಕಟ್ಟಿಗೆಯ ರಾಶಿ ದಾಟಿದಳು, ನಲ್ಲಿಯ ಹತ್ತಿರ ಕೈಕಾಲು ತೊಳೆದುಕೊಂಡಳು. ಅಡುಗೆ ಕೋಣೆಯ ಬಾಗಿಲಿಗೆ ಬಂದು ಬಲಗಾಲು ಎತ್ತಿದಳು.

"ಏ ಸೀತವ್ವ, ಒಳಗ ಕಾಲ ಇಡಬ್ಯಾಡ."

ರಾಚಪ್ಪನ ದನಿ ಅಷ್ಟು ದೊಡ್ಡದಿದೆ ಎಂದು ನನಗೆ ಅಂದೇ ಗೊತ್ತಾದದ್ದು. ಅವನು ಓಡಿ ಬಂದಿದ್ದ. ಕೈ ಬಾಗಿಲಿಗೆ ಅಡ್ಡ ಬಂದಿತ್ತು. ಯೋಚಿಸಿ ಹಾಕಿದ ಕೈಯಲ್ಲ ಅದು. ಅವನ ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರೂ ಸೇರಿ ಹಾಕಿದ ಕೈ.

ಒಳಗೆ ನಿಂತಿದ್ದ ಇಂದ್ರವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಹೆಡ್‌ಮಾಸ್ತರು ಆಕಾಶ ನೋಡಿದರು. ತಾನು ಏನು ಮಾಡಿದೆ ಎಂಬುದು ರಾಚಪ್ಪನಿಗೆ ತಿಳಿದದ್ದು ಆಮೇಲೆ. ಮುಖದ ಬಣ್ಣ ಹೋಯಿತು, ಆದರೆ ಕೈ ಮಾತ್ರ ಕೆಳಗಿಳಿಯಲಿಲ್ಲ.

ಅವ್ವ ಸಾಹೇಬರ ಕಡೆ ತಿರುಗಿದಳು. "ಇದನ್ನ ಬರಕೊಂಡ್ರೇನ್ರಿ?"

ಸಾಹೇಬರು ಪೆನ್ನಿಗೆ ಮುಚ್ಚಳ ಹಾಕಿದರು.

ಅವ್ವ ರಾಚಪ್ಪನ ಮಣಿಕಟ್ಟು ಹಿಡಿದಳು. ನಮ್ಮೂರಲ್ಲಿ ಯಾರೂ ಅಂಥದ್ದನ್ನು ನೋಡಿರಲಿಲ್ಲ. ಬಿಗಿಯಾಗಿ ಹಿಡಿದು, ಕೈಯನ್ನು ಬಾಗಿಲಿನಿಂದ ತೆಗೆದು ಅವನ ಮಗ್ಗುಲಿಗೆ ಇಟ್ಟಳು. ಅವನು ಬೆಂಕಿ ತಾಗಿದವನಂತೆ ಹಿಂದೆ ಹಾರಿದ. ಅವ್ವ ಒಳಗೆ ಹೋದಳು.

ಪಾತ್ರೆಯ ಸದ್ದು ಬಂತು, ಅಕ್ಕಿ ಸುರಿದ ಸದ್ದು ಬಂತು, ಆಮೇಲೆ ಅವಳ ದನಿ.

"ಸಾಹೇಬ್ರ, ಹೋಗಬ್ಯಾಡ್ರಿ. ಅನ್ನಕ್ಕ ಇಡಾಕತ್ತೇನಿ. ನಾ ಮಾಡಿದ್ದ ಖರೇನ ಅಂತ ನೀವ ಬರಕೊಂಡೀರಿ. ಹುಡುಗೂರ ಜೋಡಿ ಕುಂತು ಒಂದ ತುತ್ತ ಉಂಡ ಹೋಗ್ರಿ."

ಎಲ್ಲರೂ ಸಾಹೇಬರನ್ನು ನೋಡಿದರು. ಹೆಬ್ಬೆಟ್ಟಿಲ್ಲದ ಜಬಾಬು ಅವರ ಕೈಯಲ್ಲೇ ಇತ್ತು. ಅವರು ಕೈಗಡಿಯಾರ ನೋಡಿಕೊಂಡರು. ಹುಕ್ಕೇರಿಯಲ್ಲಿ ಇನ್ನೊಂದು ಮೀಟಿಂಗ್ ಇದೆ ಎಂದು ಹೆಡ್‌ಮಾಸ್ತರರಿಗೆ ಹೇಳುತ್ತ ಜೀಪಿನ ಕಡೆ ಹೆಜ್ಜೆ ಹಾಕಿದರು.

ನಾನು ಓಡಿಹೋಗಿ ಜೀಪಿನ ಮುಂದೆ ನಿಂತೆ. ಬೈಯಲಿಲ್ಲ. ಚೀಲದಿಂದ ಕಾಗದ ತೆಗೆದು ಬಾನೆಟ್ಟಿನ ಮೇಲೆ ಹಾಸಿ, ಗಾಜಿನ ಆಚೆ ಕೂತ ಅವರ ಮುಖವನ್ನು ನೋಡಿ ನೋಡಿ ಚಿತ್ರ ತೆಗೆಯತೊಡಗಿದೆ. ಡ್ರೈವರ್ ಹಾರ್ನ್ ಹೊಡೆಯುತ್ತಲೇ ಇದ್ದ.